ಅಲ್ಲಿ ತಲೆ ಲೆಕ್ಕ, ಇಲ್ಲಿ ಲೆಕ್ಕಕ್ಕೇ ಇಲ್ಲ

ಹೆಬ್ಬಾಳದಲ್ಲಿ ಅಪ್ಪನದ್ದೊಂದು ಪುಟ್ಟ ಹೋಟೆಲ್. ಬಹ್ರೇನ್‌ನ ಮನಾಮಾದಲ್ಲಿ ಚಿಕ್ಕಪ್ಪನದ್ದೂ ಅಂಥದ್ದೇ. ಇಬ್ಬರೂ ಕುಂದಾಪುರ ಬಿಟ್ಟು ಬಂದವರು. ಇಬ್ಬರ ಅಡುಗೆಮನೆಯೂ ನಡೆಯುವುದು ದೂರದೂರಿನಿಂದ ಬಂದ ಹುಡುಗರಿಂದ. ಚಿಕ್ಕಪ್ಪ ರಜೆಗೆ ಬಂದಾಗಲೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ: ‘ಕೆಲಸಕ್ಕೆ ಜನ ಸಿಕ್ಕಿದ್ರಾ?’

ಬಹ್ರೇನ್ ಸಣ್ಣ ದ್ವೀಪರಾಷ್ಟ್ರ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೊರದೇಶದವರೇ. ಹಾಗಾಗಿ ವಲಸೆ ನೀತಿ ಸ್ವಲ್ಪ ಬದಲಾದರೂ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಿಸಿ ತಟ್ಟುತ್ತದೆ. ವಿದೇಶಿ ಕೆಲಸಗಾರರಿಗಾಗಿ ಮಾಲೀಕರು ಪ್ರತಿ ತಿಂಗಳೂ ಶುಲ್ಕ ಕಟ್ಟಬೇಕು. 2013ರಲ್ಲಿ ನಿಗದಿಯಾದದ್ದು ಮೊದಲ ಐವರಿಗೆ ತಲಾ 5 ದಿನಾರ್, ಆರನೆಯವನಿಂದ 10. ಆರೋಗ್ಯ ಶುಲ್ಕ ಬೇರೆ. ಸಣ್ಣವರಿಗೆ ರಿಯಾಯಿತಿ ಇದೆ ನಿಜ, ಆದರೆ ಆರನೇ ಹುಡುಗನನ್ನು ಸೇರಿಸಿಕೊಳ್ಳುವ ಮೊದಲು ಚಿಕ್ಕಪ್ಪ ಎರಡು ಸಲ ಯೋಚಿಸುತ್ತಾರೆ. ಅಲ್ಲಿನ ವ್ಯವಸ್ಥೆ ಆದರ್ಶವೇನಲ್ಲ. ಸಾಮಾನ್ಯವಾಗಿ ಕೆಲಸಗಾರನ ಪರವಾನಗಿ ಮಾಲೀಕನಿಗೆ ಅಂಟಿಕೊಂಡಿರುತ್ತದೆ. ಆದರೂ ಅವನ ಹೆಸರು ಸರ್ಕಾರದ ಪಟ್ಟಿಯಲ್ಲಿರುತ್ತದೆ.

ನಮ್ಮ ಹೋಟೆಲಿನಲ್ಲಿರುವುದು ಒಡಿಶಾದ ಮೂವರು ಹುಡುಗರು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ವಲಸೆ ಕಾರ್ಮಿಕರಿದ್ದ ಕಡೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಮಿತಿ ಹತ್ತಕ್ಕೇರಿದೆ. ನಮ್ಮ ಮೂವರು ಹಳೆಯ ಲೆಕ್ಕದಲ್ಲೂ ಇರಲಿಲ್ಲ, ಹೊಸ ಲೆಕ್ಕದಲ್ಲೂ ಇಲ್ಲ.

2020ರ ಮೇ ತಿಂಗಳು ನೆನಪಾಗುತ್ತದೆ. ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿ ಸಭೆ ನಡೆಸಿದ ಬೆನ್ನಲ್ಲೇ ಕಾರ್ಮಿಕರ ರೈಲುಗಳು ರದ್ದಾದವು. ಟೀಕೆ ಜೋರಾದ ಮೇಲೆ ಮತ್ತೆ ಹಳಿಗೆ ಬಂದವು. ದೊಡ್ಡವರ ಕಷ್ಟ ವಿಧಾನಸೌಧಕ್ಕೆ ಕೇಳಿಸಿತು. ಮೂರು ಜನರ ಹೋಟೆಲಿನ ಕಷ್ಟ ಹೇಳಲು ಯಾರೂ ಇರಲಿಲ್ಲ.

ಲೆಕ್ಕಕ್ಕೆ ಸಿಗದಿರುವುದು ಅಪ್ಪನಿಗೂ ಅನುಕೂಲವೇ ಅಂದುಕೊಂಡಿದ್ದೆ: ಫಾರಂ ಇಲ್ಲ, ಶುಲ್ಕ ಇಲ್ಲ. ಕಳೆದ ತಿಂಗಳು ಬೋಂಡದ ಎಣ್ಣೆ ಸಿಡಿದು ಒಬ್ಬ ಹುಡುಗನ ಕೈ ಸುಟ್ಟಿತು. ವಿಮೆ ಇಲ್ಲ. ಅಪ್ಪ ಸಾಲ ಮಾಡಿ ಆಸ್ಪತ್ರೆ ಬಿಲ್ ಕಟ್ಟಿದರು. ಹುಡುಗನಿಗೆ ಕೂಲಿ ಹೋಯಿತು, ನಮಗೆ ಎರಡು ವಾರದ ವ್ಯಾಪಾರ ಹೋಯಿತು.

ರಕ್ಷಣೆಯನ್ನು ಅಂಗಡಿಯ ತಲೆ ಲೆಕ್ಕಕ್ಕೆ ಕಟ್ಟಿಹಾಕಬಾರದು, ಅದು ಕೆಲಸಗಾರನ ಜೊತೆಗೇ ಊರೂರಿಗೆ ಬರಬೇಕು. ರೇಷನ್ ಕಾರ್ಡ್ ಈಗ ಯಾವ ರಾಜ್ಯದಲ್ಲೂ ನಡೆಯುತ್ತದೆ. 2021ರಿಂದ ಇ-ಶ್ರಮ್ ನೋಂದಣಿಯೂ ಇದೆ. ಅದಕ್ಕೇ ಅಪಘಾತ ವಿಮೆ ಜೋಡಿಸಿ, ಮಾಲೀಕ ಒಂದು ಪಾಲು, ಸರ್ಕಾರ ಒಂದು ಪಾಲು ಹಾಕಲಿ. ತಿಂಗಳಿಗೆ ಇಷ್ಟು ಅಂತ ಕಟ್ಟಲು ಸಿದ್ಧ ಎನ್ನುತ್ತಾರೆ ಅಪ್ಪ. ಎಲ್ಲಿ ಕಟ್ಟಬೇಕು ಅಂತ ಹೇಳುವವರು ಬೇಕು, ಅಷ್ಟೇ.