ಮನಿ ಒತ್ತಿ ಇಟ್ಟ ಕಥಿಗೆ ಲೈಕ್ ಸಾಕು, ಫೀ ರಶೀದಿ ತಗೀರಿ

(1)
ಫೋಟೋದಾಗ ಇರೂದು ನನ್ನ ಬೂಟು. ಎಡಗಾಲಿನ ಸೋಲ್ ಕಿತ್ತೈತಿ, ಫೆವಿಕ್ವಿಕ್ ಹಚ್ಚೀನಿ. ಅಯ್ಯೋ ಪಾಪ ಅನಬ್ಯಾಡ್ರಿ, ಕಡೀತನಕ ಓದ್ರಿ.

ಹೋದ ವಾರ ಕ್ಲಾಸ್ ಗ್ರೂಪಿನ್ಯಾಗ ಒಬ್ಬ ದೋಸ್ತ ಬರದಿದ್ದ: "ಯೂನಿವರ್ಸಿಟಿಯವರು ಆಟಕ್ಕ ರೊಕ್ಕ ಸುರಿಯೂದು ವೇಸ್ಟ್. ಅದರಾಗ ಲೈಬ್ರರಿಗೆ ಪುಸ್ತಕ ತರ್ರಿ, ಅತಿಥಿ ಉಪನ್ಯಾಸಕರಿಗೆ ಟೈಮಿಗೆ ಪಗಾರ ಕೊಡ್ರಿ." ಸಾಲಾಗಿ ಥಂಬ್ಸ್ ಅಪ್ ಬಿದ್ದವು. ಹಂಗ ಥಂಬ್ಸ್ ಅಪ್ ಒತ್ತಿದವರೊಳಗ ಕೆಲವರು ಅದs ವಾರ ಖಾಶಾಬಾ ಜಾಧವರ ರೀಲ್ ಸ್ಟೋರಿಗೆ ಹಾಕಿದ್ರು. "ಗುರು ಅಂದ್ರ ಹಿಂಗಿರಬೇಕು" ಅಂತ ಮ್ಯಾಲೆ ಬರದಿದ್ರು. ಇದನ್ನ ನೋಡೇ ನಾನು ಬರಿಯಾಕ ಕುಂತೆ.

ಕಥಿ ಗೊತ್ತಿಲ್ಲದವರಿಗೆ ಹೇಳ್ತೀನಿ. ಖಾಶಾಬಾ ಜಾಧವ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ. ನಿಪ್ಪಾಣಿಯಿಂದ ಕೊಲ್ಲಾಪುರ ಎಷ್ಟು ದೂರ ಐತಿ ಅಂತ ನಿಮಗ ಹೇಳಬೇಕಾಗಿಲ್ಲ. 1948ರ ಲಂಡನ್ ಒಲಿಂಪಿಕ್ಸಿಗೆ ಕೊಲ್ಲಾಪುರದ ಮಹಾರಾಜರ ದುಡ್ಡಿನಿಂದ ಹೋದರು. ಮಣ್ಣಿನ ಕಣದಾಗ ಬೆಳೆದವರು ಅಲ್ಲಿ ಮ್ಯಾಟ್ ಮ್ಯಾಲೆ ಆಡಿ ಆರನೇ ಸ್ಥಾನ ತಗೊಂಡರು. 1952ರಲ್ಲಿ ಹೆಲ್ಸಿಂಕಿಗೆ ಹೋಗಾಕ ದುಡ್ಡಿರಲಿಲ್ಲ. ಪ್ರಿನ್ಸಿಪಾಲರಾದ ಖರ್ಡೀಕರ್ ತಮ್ಮ ಮನಿ ಒತ್ತಿ ಇಟ್ಟು 7,000 ರೂಪಾಯಿ ಕೊಟ್ಟರು. ಜಾಧವ ಕಂಚು ತಂದರು. ಸ್ವತಂತ್ರ ಭಾರತಕ್ಕ ವೈಯಕ್ತಿಕ ಆಟದಾಗ ಬಂದ ಮೊದಲ ಒಲಿಂಪಿಕ್ ಪದಕ ಅದು.

ನಿಮಗ ಇದನ್ನ ಕೇಳಿ ಕಣ್ಣಾಗ ನೀರು ಬರತೈತಿ, ನನಗ ಸಿಟ್ಟು ಬರತೈತಿ. ಆ ಪ್ರಿನ್ಸಿಪಾಲರು ದೊಡ್ಡ ಮನುಷ್ಯಾ, ಅದರಾಗ ಎರಡು ಮಾತಿಲ್ಲ. ಆದರ ಒಂದು ಕಾಲೇಜಿನ ಹುಡುಗ ಒಲಿಂಪಿಕ್ಸಿಗೆ ಹೋಗಬೇಕಂದ್ರ ಒಬ್ಬರ ಮನಿ ಯಾಕ ಒತ್ತಿ ಬೀಳಬೇಕು? ಅಂಥಾ ಪ್ರಿನ್ಸಿಪಾಲರು ಸಿಗದ ಹುಡುಗರು ಎಷ್ಟು ಮಂದಿ ಇದ್ರೋ? ಅವರ ರೀಲ್ ಯಾರೂ ಮಾಡಂಗಿಲ್ಲ, ಯಾಕಂದ್ರ ಅವರು ಹೋಗಲೇ ಇಲ್ಲ.

(2)
ಇನ್ನ ನಮ್ಮ ಕಡೆ ಬರೋಣ. ನಾನು ಖೋ-ಖೋ ಆಡ್ತೀನಿ. ಹೋದ ವರ್ಷ ಝೋನಲ್ ಮ್ಯಾಚಿಗೆ ಬೇರೆ ಊರಿನ ಒಂದು ಕಾಲೇಜಿಗೆ ಹೋಗಿದ್ವಿ. ಹೆಸರು ಬ್ಯಾಡ. ಹನ್ನೆರಡು ಹುಡುಗ್ಯಾರು, ನಸುಕಿನ ಬಸ್. ಶಕ್ತಿ ಯೋಜನೆ ಇದ್ದದ್ದಕ್ಕ ನಮ್ಮ ಟಿಕೀಟು ಫ್ರೀ, ಹಿಂಗಾಗಿ "ಹುಡುಗ್ಯಾರ ಟೀಮಿಗೆ ಪ್ರಯಾಣ ಭತ್ಯೆ ಯಾಕ?" ಅಂದ್ರು. ಹುಡುಗರು ಸ್ವಂತ ರೊಕ್ಕ ಹಾಕಿ ಬಂದಿದ್ರು. ಮೈದಾನದ ಹತ್ರ ಬಟ್ಟಿ ಬದಲಸಾಕ ಜಾಗ ಇರಲಿಲ್ಲ, ಇದ್ದ ಒಂದು ಪಾಯಖಾನಿಗೆ ಕೀಲಿ. ಮುಂಜಾನಿಂದ ನಾವ್ಯಾರೂ ನೀರು ಕುಡೀಲಿಲ್ಲ. ಯಾಕ ಅಂತ ಹುಡುಗ್ಯಾರಿಗೆ ಗೊತ್ತಾಗತೈತಿ, ಹುಡುಗರು ಅಕ್ಕ-ತಂಗ್ಯಾರನ್ನ ಕೇಳ್ರಿ. ಮಧ್ಯಾಹ್ನ ಎರಡನೇ ಮ್ಯಾಚಿನ್ಯಾಗ ನಮ್ಮ ಚಲೋ ಓಡೂವಾಕಿ ಕಂಬ ಹಿಡಕೊಂಡು ಅಲ್ಲೇ ಕುಸಿದು ಕುಂತಳು. ಸೋತ್ವಿ. ಬಾಳೆಹಣ್ಣು, ಗ್ಲೂಕೋಸು, ಸಂಜೀಕಿನ ಊಟ ಎಲ್ಲಾ ನಮ್ಮ ಪಿ.ಇ. ಸರ್ ಕಿಸೆದಾಗಿಂದು. ಅವರ ಮನಿ ಇನ್ನೂ ಒತ್ತಿ ಬಿದ್ದಿಲ್ಲ, ಅಷ್ಟು ನಮ್ಮ ಪುಣ್ಯಾ.

ಆಕಿ ಈ ವರ್ಷ ಆಡಾಕ ಬರಲಿಲ್ಲ. ಮನ್ಯಾಗ ಬ್ಯಾಡ ಅಂದ್ರಂತ.

(3)
ಹಂಗಾದ್ರ ಯೂನಿವರ್ಸಿಟಿ ಆಟಕ್ಕ ರೊಕ್ಕ ಸುರೀಬೇಕೇನು? ಹೌದು, ಸುರೀಬೇಕು. ಆದರ ಎಲ್ಲಿ? ಬಿಕಾಂದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ: ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ರೆವೆನ್ಯೂ ಎಕ್ಸ್‌ಪೆಂಡಿಚರ್. ಸ್ಟೇಡಿಯಂ ಕಟ್ಟಿದ್ರ ಕಲ್ಲಿನ ಮ್ಯಾಲೆ ಹೆಸರು ಕೆತ್ತಸಬಹುದು, ರಿಬ್ಬನ್ ಕತ್ತರಸಬಹುದು. ಹುಡುಗಿಗೆ ತತ್ತಿ ತಿನ್ನಿಸಿದ್ರ ಯಾವ ಕಲ್ಲಿನ ಮ್ಯಾಲೆ ಬರೀತೀರಿ? ಹಿಂಗಾಗಿ ಮೊದಲನೇದಕ್ಕ ರೊಕ್ಕ ಹುಟ್ಟತೈತಿ, ಎರಡನೇದಕ್ಕ ಹುಟ್ಟೂದಿಲ್ಲ.

ನಾನು ಲೆಕ್ಕ ಹಾಕೀನಿ. ದಿನಕ್ಕ ಎರಡು ತತ್ತಿ, ಎರಡು ಬಾಳೆಹಣ್ಣು, ಒಬ್ಬರಿಗೆ ಅಂದಾಜು 30 ರೂಪಾಯಿ ಹಿಡೀರಿ. 12 ಮಂದಿಗೆ 360. ಅರವತ್ತು ದಿನಕ್ಕ 21,600. ಒಂದು ಉದ್ಘಾಟನೆಯ ಪೆಂಡಾಲು, ಮೈಕು, ಹಾರ, ಶಾಲು ಎಷ್ಟಾಗತೈತಿ ಅಂತ ನೀವs ವಿಚಾರ ಮಾಡ್ರಿ.

ಇನ್ನೊಂದು. ನಮ್ಮಂಥಾ ಕಡೆ ಯೂನಿವರ್ಸಿಟಿ ಅಂದ್ರ ಬೆಳಗಾವಿ ಕ್ಯಾಂಪಸ್ ಅಷ್ಟ ಅಲ್ಲ. ಹುಡುಗರು ಇರೂದು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಾಲೇಜಿನ್ಯಾಗ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರ್ ಮ್ಯಾಲೆ. ಅಲ್ಲಿ ಎಂಥಾ ಒಳಾಂಗಣ ಕಟ್ಟಿದ್ರೂ ಕಾಗವಾಡದ ಹುಡುಗಿ ಸಂಜೀ ಐದಕ್ಕ ಪ್ರಾಕ್ಟೀಸಿಗೆ ಹೋಗಿ ಬರಾಕ ಆಗತೈತೇನು? ಖೋ-ಖೋ ಈಗ ಮ್ಯಾಟ್ ಮ್ಯಾಲೆ ಬಂದೈತಿ, ಜನವರಿ 2025ರ ವಿಶ್ವಕಪ್ ದಿಲ್ಲಿಯಾಗ ಮ್ಯಾಟ್ ಮ್ಯಾಲೇ ಆತು, ಭಾರತದ ಎರಡೂ ಟೀಮು ಗೆದ್ದವು. ನಾವು ಇನ್ನೂ ಮಣ್ಣಿನ್ಯಾಗ ಕಲತು ಮ್ಯಾಟ್ ಮ್ಯಾಲೆ ಜಾರಿ ಬೀಳ್ತೀವಿ. 1948ರಾಗ ಜಾಧವರಿಗೆ ಎದುರಾದದ್ದೂ ಮ್ಯಾಟೇ. ತಾಲೂಕಿಗೊಂದು ಮ್ಯಾಟ್ ಕೊಡ್ರಿ.

"ಖೇಲೋ ಇಂಡಿಯಾದಾಗ ಪದಕ ಬರ್ತಾವ, ಹೆಸರು ಬರತೈತಿ" ಅನ್ನೂವರಿಗೂ ನನ್ನ ತಕರಾರು ಐತಿ. 2022ರಾಗ ಬೆಂಗಳೂರಿನ ಯೂನಿವರ್ಸಿಟಿ ಗೇಮ್ಸಿನ್ಯಾಗ ಜೈನ್ ಯೂನಿವರ್ಸಿಟಿ 20 ಚಿನ್ನ ಗೆದ್ದು ಮೊದಲಾತು. ಅವರ ಪರವಾಗಿ ಈಜಿದ ಶ್ರೀಹರಿ ನಟರಾಜ್ ಅದಕ್ಕಿಂತ ಮೊದಲs ಟೋಕಿಯೋ ಒಲಿಂಪಿಕ್ಸ್ ಮುಗಿಸಿ ಬಂದಿದ್ರು. ತಯಾರಾದವರನ್ನ ಕರಕೊಂಡು ಬಂದು ಸೀಟು ಕೊಟ್ಟರೂ ಪದಕ ಬರತೈತಿ. ಅದು ತಪ್ಪಲ್ಲ. ಆದರ ಯೂನಿವರ್ಸಿಟಿ ಎಷ್ಟು ಹುಡುಗರನ್ನ ಆಡಿಸಿತು ಅನ್ನೂದು ಪದಕದ ಪಟ್ಟಿಯಾಗ ಕಾಣಂಗಿಲ್ಲ. ಅಮೇರಿಕಾದ ಮಾತು ಬ್ಯಾಡ, ಮಿಷಿಗನ್ ಯೂನಿವರ್ಸಿಟಿಯ ಫುಟ್‌ಬಾಲ್ ಸ್ಟೇಡಿಯಮ್ಮಿನ್ಯಾಗ ಲಕ್ಷದ ಮ್ಯಾಲೆ ಮಂದಿ ಕುಂದರ್ತಾರ, ಅಲ್ಲಿ ಅದು ಟಿಕೀಟು-ಟಿವಿ ವ್ಯಾಪಾರ.

(4)
ಈಗ ಲೈಬ್ರರಿ ದೋಸ್ತಗ. ನೀ ಹೇಳಿದ್ದು ಅರ್ಧಾ ಖರೇ ಐತಿ. ಅತಿಥಿ ಉಪನ್ಯಾಸಕರ ಪಗಾರ ನಿಲ್ಲೂದು ನಾಚಿಕಿ ಮಾತು. ಆದರ ನಿನ್ನ ಫೀ ರಶೀದಿ ತಗದು ನೋಡು: ಲೈಬ್ರರಿ ಫೀ ಬ್ಯಾರೆ ಸಾಲು, ಸ್ಪೋರ್ಟ್ಸ್ ಫೀ ಬ್ಯಾರೆ ಸಾಲು. ನನ್ನ ಬೂಟಿನ ರೊಕ್ಕ ನಿನ್ನ ಪುಸ್ತಕದ್ದಲ್ಲೋ. ನಾವಿಬ್ಬರೂ ಕೊಟ್ಟೀವಿ, ಇಬ್ಬರಿಗೂ ಲೆಕ್ಕ ಸಿಕ್ಕಿಲ್ಲ, ಕಡೀಕ ಜಗಳ ನಮ್ಮಿಬ್ಬರೊಳಗ!

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರ ಕೊಡಾಕ 30 ದಿನ. ನಾನು ಸೋಮವಾರ ಅರ್ಜಿ ಹಾಕಾಕತ್ತೀನಿ: ಮೂರು ವರ್ಷದಾಗ ಸ್ಪೋರ್ಟ್ಸ್ ಫೀ ಎಷ್ಟು ಬಂತು, ಯಾವ ಆಟಕ್ಕ, ಯಾವುದಕ್ಕ ಎಷ್ಟು ಹೋತು. ಬರೂವರು ಹನ್ನೊಂದಕ್ಕ ಚಿಕ್ಕೋಡಿ ಪೋಸ್ಟ್ ಆಫೀಸ್ ಮುಂದ ಬರ್ರಿ, ಒಬ್ಬೊಬ್ಬರು ಒಂದೊಂದು ಅರ್ಜಿ. ಲೈಬ್ರರಿ ದೋಸ್ತ, ನೀನೂ ಬಾ, ಲೈಬ್ರರಿ ಫೀ ಲೆಕ್ಕ ನಿನ್ನ ಹೆಸರಲೇ ಕೇಳೋಣ. ಪೆನ್ನು ನಾ ತರ್ತೀನಿ.

#ಸ್ಪೋರ್ಟ್ಸ್‌ಫೀಎಲ್ಲಿ #ಚಿಕ್ಕೋಡಿ #ಖೋಖೋ