ಭರಣಿಯೊಳಗಿನ ಕೆಂಪು

ಹೋದ ತಿಂಗಳು ಒಂದು ಶುಕ್ರವಾರ ಸಂಜೆ ಕಾಲೇಜಿನಿಂದ ಮನೆಗೆ ಬಂದಾಗ, ಎರಡು ವರ್ಷದ ನಮ್ಮ ಮಗಳು ದೇವರ ಮನೆಯ ಹೊಸ್ತಿಲ ಬಳಿ ಕುಳಿತು ಅಜ್ಜಿಯ ಕುಂಕುಮದ ಭರಣಿಯನ್ನು ಬೋರಲು ಹಾಕಿಕೊಂಡಿದ್ದಳು. ಹಣೆ, ಕೆನ್ನೆ, ಲಂಗ ಎಲ್ಲವೂ ಕೆಂಪು, ಬೆರಳುಗಳು ಬಾಯೊಳಗೆ. “ಸಾಕ್ಷಾತ್ ಗೌರಿಯಂತೆ ಕಾಣುತ್ತಾಳೆ, ಬೈಯಬೇಡವೋ” ಎಂದರು ನನ್ನ ತಾಯಿ. ಬೈಯುವ ಮನಸ್ಸು ನನಗೂ ಇರಲಿಲ್ಲ. ಆದರೆ ಎಷ್ಟು ಸಲ ಬಾಯಿ ತೊಳೆಸಿದರೂ ನಾಲಗೆಯ ಕೆಂಪು ಹೋಗದಿದ್ದಾಗ ಒಂದು ಪ್ರಶ್ನೆ ಹುಟ್ಟಿತು: ಈ ಕೆಂಪು ಯಾವುದು?

ಭಾಷೆಯ ಪಾಠ ಹೇಳುವವನಿಗೆ ಸಂದೇಹ ಬಂದರೆ ಕೈ ಮೊದಲು ಹೋಗುವುದು ನಿಘಂಟಿಗೆ. ಸಂಸ್ಕೃತದಲ್ಲಿ ಕುಂಕುಮವೆಂದರೆ ಕೇಸರಿ. ನಮ್ಮ ನಾಡಿನ ಕುಂಕುಮವಾದರೋ ಅರಿಸಿನದಿಂದ ಹುಟ್ಟಿದ್ದು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ದ್ರವ್ಯವು ಸುಣ್ಣದಂಥ ಕ್ಷಾರ ಸೋಕಿದೊಡನೆ ಕೆಂಪಾಗುತ್ತದೆ. ಆರತಿಯ ತಟ್ಟೆಯ ಕೆಂಪು ನೀರನ್ನು ಕಲಸಿದ ಗೃಹಿಣಿಯರಿಗೆಲ್ಲ ಇದು ಗೊತ್ತಿರುವ ರಸಾಯನಶಾಸ್ತ್ರವೇ. ಸಿಂಧೂರದ ಕುಲ ಮಾತ್ರ ಬೇರೆ. ಅಮರಕೋಶವು ಅದಕ್ಕೆ ಕೊಡುವ ಇನ್ನೊಂದು ಹೆಸರು ‘ನಾಗಸಂಭವ’. ನಾಗವೆಂದರೆ ಇಲ್ಲಿ ಹಾವಲ್ಲ, ಸೀಸ. ಸೀಸವನ್ನು ಗಾಳಿಯಲ್ಲಿ ಚೆನ್ನಾಗಿ ಕಾಯಿಸಿದರೆ ದೊರೆಯುವ ಕೆಂಪು ಪುಡಿಯೇ ಹಳೆಯ ಸಿಂಧೂರ. ಹೆಸರಿನಲ್ಲೇ ಎಚ್ಚರಿಕೆಯಿತ್ತು, ಓದಿದವರು ನಾವು ಗಮನಿಸಲಿಲ್ಲ, ಅಷ್ಟೆ.

ಈಗ ಅಂಗಡಿಯಲ್ಲಿ ದೊರೆಯುವ ಕುಂಕುಮ, ಸಿಂಧೂರಗಳ ಪೈಕಿ ಅನೇಕವು ಪಿಷ್ಟಕ್ಕೋ ಕಲ್ಲುಪುಡಿಗೋ ಕೃತಕ ಬಣ್ಣ ಬೆರೆಸಿ ಮಾಡಿದವು. ಅವುಗಳಲ್ಲಿ ಸೀಸವುಂಟೆ? 2017ರಲ್ಲಿ ಪ್ರಕಟವಾದ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರ ಪರೀಕ್ಷೆಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಅವರು ನ್ಯೂಜೆರ್ಸಿಯಲ್ಲಿ ಕೊಂಡ 95, ಭಾರತದಲ್ಲಿ ಕೊಂಡ 23 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿದರು. ಅಮೆರಿಕದ ಮಿತಿಯು ದಶಲಕ್ಷಕ್ಕೆ 20 ಭಾಗ ಸೀಸ. ಆ ಮಿತಿಯನ್ನು ಮೀರಿದವು ನ್ಯೂಜೆರ್ಸಿಯ ಮಾದರಿಗಳಲ್ಲಿ ಶೇಕಡ 19, ಭಾರತದವುಗಳಲ್ಲಿ ಶೇಕಡ 43. ಉಳಿದವೆಲ್ಲ ನಿರ್ಮಲವೆಂದಲ್ಲ, ಎಲ್ಲವೂ ವಿಷವೆಂದೂ ಅಲ್ಲ. ಕಣ್ಣಿಗೆ ಎರಡೂ ಒಂದೇ ಕೆಂಪಾಗಿ ಕಾಣುತ್ತವೆ ಎಂಬುದೇ ಇಲ್ಲಿನ ತೊಡಕು.

ಚರ್ಮದ ಮೂಲಕ ಇಂಥ ಸೀಸ ಒಳಸೇರುವುದು ಅತ್ಯಲ್ಪ. ಅಪಾಯವಿರುವುದು ಹಣೆಯಿಂದ ಬೆರಳಿಗೆ, ಬೆರಳಿನಿಂದ ಬಾಯಿಗೆ ಸಾಗುವ ದಾರಿಯಲ್ಲಿ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಎಳೆಯ ಮಕ್ಕಳ ದೇಹ ಹೀರಿಕೊಳ್ಳಬಲ್ಲದು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವಂಥದಲ್ಲ. ಇಷ್ಟರವರೆಗೆ ಕ್ಷೇಮವೆಂದು ಹೇಳಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಸಾರಿದೆ.

ಕಾಡಿಗೆಯ ಕಥೆಯೂ ಇದಕ್ಕಿಂತ ಬಹಳ ದೂರದ್ದಲ್ಲ. ಹರಳೆಣ್ಣೆಯ ದೀಪದ ಮಸಿಯಿಂದ ನಮ್ಮ ಅಜ್ಜಿಯರು ಮಾಡುತ್ತಿದ್ದ ಕಾಡಿಗೆ ಒಂದು. ಸುರ್ಮಾ ಎಂಬ ಹೆಸರಿನಲ್ಲಿ ಮಾರುವ ಹೊಳಪಿನ ಕಪ್ಪು ಪುಡಿ ಇನ್ನೊಂದು. ಎರಡನೆಯದು ಎಷ್ಟೋ ಸಲ ಸೀಸದ ಗಂಧಕಯುಕ್ತ ಅದಿರನ್ನು ಅರೆದದ್ದೇ ಆಗಿರುತ್ತದೆ. ‘ಇದು ಪ್ರಕೃತಿಸಹಜ’ ಎಂಬ ಮಾತನ್ನು ಕೇಳಿ ಸಮಾಧಾನಪಡುವವರು ಒಂದನ್ನು ನೆನೆಯಬೇಕು: ನೆಲದಲ್ಲಿ ಸಿಕ್ಕುವ ಅದಿರೂ ಪ್ರಕೃತಿಸಹಜವೇ. ಹಸುಗೂಸಿನ ಕಣ್ಣಿಗೆ ಮನೆಯ ಕಾಡಿಗೆಯೂ ಬೇಡವೆಂದು ವೈದ್ಯರು ಹೇಳುತ್ತಾರೆ. ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಟ್ಟರೆ ಅಜ್ಜಿಯ ಮಾತೂ ನಡೆಯಿತು, ಮಗುವಿನ ಕಣ್ಣೂ ಉಳಿಯಿತು.

ಹಾಗಾದರೆ ಪುಡಿಯನ್ನೇ ಬಿಟ್ಟು ಅಂಟಿಸುವ ಬೊಟ್ಟನ್ನು ಇಟ್ಟುಕೊಳ್ಳೋಣವೆಂದರೆ, ಅದರ ಅಂಟಿನಲ್ಲೂ ಒಂದು ಕಂಟಕವುಂಟು. ಕೆಲವು ಬೊಟ್ಟುಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ದ್ರವ್ಯವು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಕೊಲ್ಲಬಲ್ಲದು. ನನ್ನ ಪತ್ನಿಯ ಹಣೆಯ ನಡುವೆ ಮೂರು ವರ್ಷಗಳ ಹಿಂದೆ ಕಾಣಿಸಿಕೊಂಡ ಕಡಲೆಗಾತ್ರದ ಬಿಳಿ ಕಲೆಯನ್ನು ಬಂಧುಗಳು ತೊನ್ನೆಂದೇ ತೀರ್ಮಾನಿಸಿದ್ದರು. ಚರ್ಮವೈದ್ಯರು ಕೇಳಿದ್ದು ಒಂದೇ ಮಾತು: “ಬೊಟ್ಟನ್ನು ಎಷ್ಟು ವರ್ಷಗಳಿಂದ ಅಲ್ಲೇ ಅಂಟಿಸುತ್ತಿದ್ದೀರಿ, ತಾಯಿ?” ಅಂಟಿಸುವುದನ್ನು ಬಿಟ್ಟ ಮೇಲೆ ಕಲೆ ಮಾಸುತ್ತ ಬಂತು. ಆದರೆ ಆ ಕೆಲವು ತಿಂಗಳು ಮದುವೆ ಮುಂಜಿಗಳಿಗೆ ಹೋಗದೆ ಅವಳು ಪಟ್ಟ ಸಂಕಟಕ್ಕೆ ಮದ್ದು ಯಾವ ವೈದ್ಯರಲ್ಲೂ ಇರಲಿಲ್ಲ.

ಕಾನೂನು ಇಲ್ಲದೆ ಇಲ್ಲ. ಪ್ರಸಾಧನಗಳಲ್ಲಿ ಬಣ್ಣಕ್ಕಾಗಿ ಸೀಸದ ಸಂಯುಕ್ತಗಳನ್ನು ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ. ಬಳಸುವ ಕೃತಕ ಬಣ್ಣದಲ್ಲಿ ಸೀಸವು ದಶಲಕ್ಷಕ್ಕೆ 20 ಭಾಗ ಮೀರಬಾರದು. ತಯಾರಕನ ಹೆಸರು, ವಿಳಾಸ, ಪರವಾನಗಿಯ ಸಂಖ್ಯೆ, ಒಳಗಿನ ದ್ರವ್ಯಗಳ ಪಟ್ಟಿ ಇವೆಲ್ಲ ಹೊರಚೀಟಿಯ ಮೇಲೆ ಇರಬೇಕು. ನಮ್ಮ ಭರಣಿಯ ಕುಂಕುಮವಾದರೋ ಜಾತ್ರೆಯಲ್ಲಿ ರಾಶಿ ಹಾಕಿ, ತೂಗಿ, ಕಾಗದದಲ್ಲಿ ಕಟ್ಟಿ ಕೊಟ್ಟದ್ದು. ಹೆಸರಿಲ್ಲದವನನ್ನು ಯಾವ ಕಾನೂನು ಹಿಡಿದೀತು?

ಮನೆಯಲ್ಲೇ ಮಾಡಿಕೊಂಡರಾಯಿತೆನ್ನಬಹುದು. ಅಲ್ಲಿಯೂ ಅರಿಸಿನ ಶುದ್ಧವಾಗಿರಬೇಕು. ನೆರೆಯ ಬಾಂಗ್ಲಾದೇಶದಲ್ಲಿ ಹೊಳಪಿಗಾಗಿ ಅರಿಸಿನದ ಕೊಂಬುಗಳಿಗೇ ಸೀಸದ ಕ್ರೋಮೇಟನ್ನು ಬಳಿಯುತ್ತಿದ್ದುದು 2019ರಲ್ಲಿ ಬಯಲಾಯಿತು. ಸರ್ಕಾರ ಅಂಗಡಿಗಳ ಮೇಲೆ ದಾಳಿಮಾಡಿ ದಂಡ ಹಾಕಿದ ಮೇಲೆ, 2021ರ ಹೊತ್ತಿಗೆ ಪೇಟೆಯ ಮಾದರಿಗಳಲ್ಲಿ ಅದು ಕಾಣಿಸದಾಯಿತು. ಮನಸ್ಸು ಮಾಡಿದರೆ ಎರಡು ವರ್ಷದ ಕೆಲಸ.

ಮಗುವಿನ ರಕ್ತಪರೀಕ್ಷೆಯಲ್ಲಿ ಚಿಂತೆಗೆ ಕಾರಣವೇನೂ ಕಾಣಲಿಲ್ಲ. ಕುಂಕುಮದ ಒಂದು ಚಮಚವನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಇದನ್ನೆಲ್ಲ ವಿವರಿಸಿದಾಗ ಅಮ್ಮ ವಾದ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಳಿದದ್ದನ್ನು ಏನು ಮಾಡಲಪ್ಪ? ಕುಂಕುಮವನ್ನು ಕಸಕ್ಕೆ ಹಾಕಲಾರೆ. ತುಳಸಿಯ ಬುಡಕ್ಕೆ ಹಾಕಲೇ?” ಎಂದು ಕೇಳಿದರು. ಆ ತುಳಸಿಯ ಎಲೆಯನ್ನು ಮನೆಯವರೆಲ್ಲ ದಿನವೂ ತೀರ್ಥದೊಡನೆ ಸೇವಿಸುತ್ತೇವೆ. ನಾನು ಬೇಡವೆಂದೆ. ಭರಣಿ ಈಗ ಮಗುವಿನ ಕೈಗೆಟುಕದ ಅಟ್ಟದ ಮೇಲಿದೆ. ಅಮ್ಮನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.