ಮಾಸ್ಕ್ ಯಾಕೆ ಹಾಕಲ್ಲ ಅಂತ ಕೇಳಿದ್ರೆ ನಿಜ ಸಿಗಲ್ಲ

ಔಷಧಿ ಹೊಡೆಯೋರನ್ನ ನಿಲ್ಲಿಸಿ "ಮುಖಕ್ಕೆ ಏನೂ ಕಟ್ಟಿಲ್ಲ, ಕೈಗೆ ಗ್ಲೌಸ್ ಇಲ್ಲ, ಯಾಕಣ್ಣ?" ಅಂತ ಕೇಳಿ ನೋಡಿ. ನಮ್ಮ ಕಡೆ ಸಿಗೋ ಉತ್ತರ ಮೂರೇ. ಸೆಕೆ ಆಗುತ್ತೆ. ದುಡ್ಡು ದಂಡ. ಇಷ್ಟು ವರ್ಷದಿಂದ ಹೊಡೀತಿದೀನಿ, ನಂಗೇನಾಗಿದೆ? ಕೇಳಿದವರು ಇದನ್ನ ಫಾರಂನಲ್ಲಿ ಬರ್ಕೊಂಡು ಹೋಗ್ತಾರೆ. ಆಮೇಲೆ ಒಂದು ತರಬೇತಿ, ಒಂದು ಕಿಟ್, ಒಂದು ಫೋಟೋ. ಕಿಟ್ ಅಟ್ಟ ಸೇರುತ್ತೆ.

ಈ ಉತ್ತರ ಸುಳ್ಳು ಅಂತ ನಾನು ಹೇಳ್ತಿಲ್ಲ. ಏಪ್ರಿಲ್ ಬಿಸಿಲಲ್ಲಿ 16 ಲೀಟರ್ ಕ್ಯಾನ್ ಬೆನ್ನಿಗೇರಿಸಿ, ಮೇಲೆ ಪ್ಲಾಸ್ಟಿಕ್ ಕೋಟು ಹಾಕೋ ಕಷ್ಟ ಹಾಕಿದವರಿಗೇ ಗೊತ್ತು. ಆದ್ರೆ ಅದೇ ಮನುಷ್ಯ ರಾಗಿ ಒಕ್ಕಣೆ ದಿನ ಮಿಷನ್ ಮುಂದೆ ಮೂಗು, ಬಾಯಿ, ಕಿವಿ ಎಲ್ಲ ಮುಚ್ಚಿ ಟವೆಲ್ ಸುತ್ತಿಕೊಂಡು ಮಧ್ಯಾಹ್ನದವರೆಗೂ ನಿಂತಿರ್ತಾನೆ. ಆಗ ಸೆಕೆ ಅನ್ನಲ್ಲ. ಯಾಕಂದ್ರೆ ಅಲ್ಲಿ ಎಲ್ರೂ ಸುತ್ತಿರ್ತಾರೆ, ನಗೋರು ಯಾರೂ ಇಲ್ಲ. ಔಷಧಿ ಹೊಡೆಯುವಾಗ ಕಟ್ಟಿಕೊಂಡ್ರೆ ಮಾತ್ರ ಬದುವಿನ ಮೇಲಿಂದ ಒಂದು ಮಾತು ಬರುತ್ತೆ: "ಏನ್ ಡಾಕ್ಟ್ರೇ, ಇವತ್ತು ಯಾರಿಗೆ ಆಪರೇಷನ್ನು?" (ಟವೆಲ್ ಧೂಳಿಗೆ ಸರಿ, ಔಷಧಿಗೆ ಸಾಲಲ್ಲ. ನೆನೆದ ಬಟ್ಟೆ ವಿಷವನ್ನ ಮುಖಕ್ಕೇ ಅಂಟಿಸಿಕೊಂಡಿರುತ್ತೆ. ಇದು ಬೇರೆ ಮಾತು.)

ಜನ ತಮ್ಮ ಆಯ್ಕೆಗೆ ಕೊಡೋ ಕಾರಣ ಒಂದು, ಅವರನ್ನ ನಡೆಸೋ ಕಾರಣ ಇನ್ನೊಂದು ಅನ್ನೋದರ ಬಗ್ಗೆ ತುಂಬಾ ಸಂಶೋಧನೆ ಆಗಿದೆ. ಅಮೆರಿಕದ ರಿಚರ್ಡ್ ನಿಸ್ಬೆಟ್ ಮತ್ತು ಟಿಮೊಥಿ ವಿಲ್ಸನ್ 1977ರಲ್ಲಿ ಬರೆದ ಲೇಖನ ಇದರಲ್ಲಿ ಬಹಳ ಹೆಸರುವಾಸಿ. ಒಂದು ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಅಂತ ಬಂದವರನ್ನ ಕೇಳಿದ್ರು. ನಾಲ್ಕೂ ಒಂದೇ ಮಾಲು, ಏನೂ ವ್ಯತ್ಯಾಸ ಇಲ್ಲ. ಆದ್ರೂ ಎಡತುದಿಯದನ್ನ ಆರಿಸಿದವರಿಗಿಂತ ಸುಮಾರು ನಾಲ್ಕು ಪಟ್ಟು ಜನ ಬಲತುದಿಯದನ್ನ ಆರಿಸಿದ್ರು. ಯಾಕೆ ಅಂದ್ರೆ ಇಟ್ಟ ಜಾಗದ ಮಾತನ್ನ ಒಬ್ಬರೂ ಎತ್ತಲಿಲ್ಲ. ಜಾಗದಿಂದ ಹಾಗೆ ಆಗಿರಬಹುದಾ ಅಂತ ನೇರವಾಗಿ ಕೇಳಿದ್ರೂ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಅಂದ್ರು.

2005ರಲ್ಲಿ ಸ್ವೀಡನ್ನಿನ ಪೆಟ್ಟರ್ ಯೊಹಾನ್ಸನ್, ಲಾರ್ಸ್ ಹಾಲ್ ಮತ್ತವರ ಜೊತೆಗಾರರು ಇನ್ನೂ ಮುಂದೆ ಹೋದ್ರು. ಎರಡು ಮುಖದ ಫೋಟೋ ತೋರಿಸಿ ಒಂದನ್ನ ಆರಿಸಿ ಅಂದ್ರು. ಕೈಚಳಕದಿಂದ ಬದಲಾಯಿಸಿ, ಆರಿಸದೇ ಇದ್ದ ಫೋಟೋ ಕೈಗೆ ಕೊಟ್ಟು "ಇದನ್ನ ಯಾಕೆ ಆರಿಸಿದ್ರಿ?" ಅಂತ ಕೇಳಿದ್ರು. ಹೆಚ್ಚಿನ ಸಲ ಜನಕ್ಕೆ ಅದು ಗೊತ್ತೇ ಆಗಲಿಲ್ಲ. ಆರಿಸದ ಮುಖಕ್ಕೇ ಕಾರಣ ಹೇಳಿದ್ರು. ಇವರು ಯಾರೂ ಸುಳ್ಳುಗಾರರಲ್ಲ. ಯಾಕೆ ಅಂತ ಕೇಳಿದ ತಕ್ಷಣ, ಒಪ್ಪುವಂಥ ಒಂದು ಕಾರಣವನ್ನ ಮನಸ್ಸು ಹೊಂದಿಸಿ ಕೊಟ್ಟುಬಿಡುತ್ತೆ, ಅಷ್ಟೆ.

ನಮಗೆ ಇನ್ನೂ ಹತ್ತಿರದ್ದು ಕ್ಯಾಲಿಫೋರ್ನಿಯಾದ ಕರೆಂಟ್ ಸಂಗತಿ. ರಾಬರ್ಟ್ ಚಾಲ್ಡಿನಿ ಮತ್ತವರ ಜೊತೆಗಾರರು ಇದನ್ನ 2008ರಲ್ಲಿ ಪ್ರಕಟಿಸಿದ್ರು. ಕರೆಂಟ್ ಯಾಕೆ ಉಳಿಸ್ತೀರಿ ಅಂತ ಕೇಳಿದಾಗ ಜನ ಪರಿಸರ, ಸಮಾಜದ ಒಳಿತು, ಹಣ ಅಂದ್ರು. ಅಕ್ಕಪಕ್ಕದವರು ಉಳಿಸ್ತಾರೆ ಅನ್ನೋ ಕಾರಣಕ್ಕೆ ಕೊನೇ ಸ್ಥಾನ. ಆದ್ರೆ ಯಾರು ಎಷ್ಟು ಉಳಿಸ್ತಾರೆ ಅನ್ನೋದರ ಜೊತೆ ಎಲ್ಲಕ್ಕಿಂತ ಹೆಚ್ಚು ತಾಳೆ ಆಗಿದ್ದು, ಅಕ್ಕಪಕ್ಕದವರು ಉಳಿಸ್ತಿದಾರೆ ಅನ್ನೋ ನಂಬಿಕೆಯೇ. ಆಮೇಲೆ ಮನೆ ಬಾಗಿಲಿಗೆ ಬೇರೆ ಬೇರೆ ಸಂದೇಶದ ಚೀಟಿ ನೇತುಹಾಕಿ ಮೀಟರ್ ಓದಿದ್ರು. ನಿಮ್ಮ ನೆರೆಯವರು ಹೀಗೆ ಮಾಡ್ತಿದಾರೆ ಅನ್ನೋ ಚೀಟಿಯೇ ಹೆಚ್ಚು ಕೆಲಸ ಮಾಡ್ತು. ಆದ್ರೆ ನಮ್ಮ ಮೇಲೆ ಎಲ್ಲಕ್ಕಿಂತ ಕಡಿಮೆ ಪರಿಣಾಮ ಆಗಿದ್ದು ಆ ಚೀಟಿಯಿಂದಲೇ ಅಂತ ಜನ ಹೇಳಿದ್ರು.

ಈಗ ನಮ್ಮ ಹೊಲಕ್ಕೆ ಬನ್ನಿ. ಮಾಸ್ಕ್ ವಿಷಯದಲ್ಲಿ ಹೇಳದೇ ಉಳಿಯೋ ಕಾರಣ ಎರಡು ಅಂತ ನನಗೆ ಅನ್ನಿಸುತ್ತೆ. ಒಂದು ನಗೆಪಾಟಲಿನ ಭಯ. ಇನ್ನೊಂದು ಕೂಲಿ. ಔಷಧಿ ಹೊಡೆಯೋರಲ್ಲಿ ಎಷ್ಟೋ ಜನ ತಮ್ಮ ಹೊಲಕ್ಕೆ ಹೊಡೆಯೋರಲ್ಲ, ಕ್ಯಾನ್ ಲೆಕ್ಕದಲ್ಲಿ ದುಡಿಯೋರು. ಎಷ್ಟು ಕ್ಯಾನ್ ಖಾಲಿ ಆಯ್ತೋ ಅಷ್ಟು ದುಡ್ಡು. ಕೋಟು ಹಾಕಿ ನಿಧಾನ ಆದ್ರೆ ಸಂಪಾದನೆ ಇಳಿಯುತ್ತೆ. ಮಾಸ್ಕ್ ಕೊಡ್ಸಿ ಗೌಡ್ರೇ ಅಂತ ಕೇಳಿದ್ರೆ ನಾಳೆ ಬೇರೆಯವನನ್ನ ಕರೀತಾರೆ ಅನ್ನೋ ಅಂಜಿಕೆ ಬೇರೆ. ಹೊಲದ ಯಜಮಾನ ಪಕ್ಕದಲ್ಲೇ ನಿಂತಿರುವಾಗ ಇದನ್ನ ಯಾರು ಬಾಯಿಬಿಟ್ಟು ಹೇಳ್ತಾರೆ? ಸೆಕೆ ಅಂದ್ರೆ ಯಾರಿಗೂ ನೋವಾಗಲ್ಲ, ಬೇಜಾರಾದ್ರೆ ಸೂರ್ಯನಿಗೆ ಆಗ್ಬೇಕು.

ಕೊಟ್ಟ ಕಾರಣವನ್ನೇ ಪೂರ್ತಿ ನಂಬಿದ್ರೆ ತಪ್ಪು ಹೊರೋದು ಯಾರು ಅನ್ನೋದನ್ನ ನಾವು ನೋಡಿದೀವಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದು ಸುಮಾರು 20 ಜನ ತೀರಿಕೊಂಡ್ರು, ನೂರಾರು ಜನ ಆಸ್ಪತ್ರೆ ಸೇರಿದ್ರು. ಆ ವರ್ಷ ಹತ್ತಿ ಗಿಡ ಎತ್ತರಕ್ಕೆ ಬೆಳೆದಿತ್ತು, ಹೊಡೆದ ಔಷಧಿ ಮುಖದ ಮಟ್ಟದಲ್ಲೇ ಇರ್ತಿತ್ತು. ಎರಡು ಮೂರು ಔಷಧಿ ಬೆರೆಸಿ ಹೊಡೆಯೋದೂ ಇತ್ತು. ಕೊನೆಗೆ ದೊಡ್ಡದಾಗಿ ಕೇಳಿದ ಮಾತು ಮಾತ್ರ ರೈತರು ಎಚ್ಚರಿಕೆ ವಹಿಸಲಿಲ್ಲ ಅನ್ನೋದು. ಮಾರಿದವರು, ಬೆರೆಸಿ ಹೊಡಿ ಅಂದವರು, ಕೂಲಿಗೆ ಕರೆದವರು ಎಲ್ಲ ಹಿಂದೆ ಸರಿದ್ರು.

ಹಾಗಾದ್ರೆ ಏನು ಮಾಡೋದು? ಯಾಕೆ ಹಾಕಲ್ಲ ಅಂತ ಕೇಳೋದನ್ನ ಮೊದಲು ಬಿಡೋಣ. ಹೋದ ಸಲ ಹೊಡೆದಾಗ ಮೈಮೇಲೆ ಏನಿತ್ತು, ಔಷಧಿ ಬೆರೆಸಿದ್ದು ಯಾರು, ಪಕ್ಕದಲ್ಲಿ ಯಾರಿದ್ರು, ಸ್ನಾನ ಮಾಡಿದ್ದು ಎಷ್ಟೊತ್ತಿಗೆ ಅಂತ ಕೇಳೋಣ. ನಡೆದದ್ದನ್ನ ಜನ ಹೇಳ್ತಾರೆ, ಕಾರಣ ಅದರಲ್ಲೇ ಕಾಣುತ್ತೆ.

ಎರಡನೇದು, ಸಭೆಯಲ್ಲಿ ಮೈಕ್ ಹಿಡಿದು "ನಮ್ಮ ರೈತರು ಯಾರೂ ಮಾಸ್ಕ್ ಹಾಕಲ್ಲ" ಅಂತ ಬೈಯೋದು ನಿಲ್ಲಬೇಕು. ಯಾರೂ ಹಾಕಲ್ಲ ಅನ್ನೋ ಸುದ್ದಿಯನ್ನೇ ನೀವು ಹಂಚಿದ ಹಾಗಾಯ್ತು. ಕೂತವನು ಸರಿ, ನಾನೊಬ್ಬನೇ ಅಲ್ಲ ಅಂದ್ಕೊಂಡು ಎದ್ದು ಹೋಗ್ತಾನೆ. ಹಾಕೋರು ನಾಲ್ಕೇ ಜನ ಇದ್ರೂ ಅವರನ್ನ ಮುಂದೆ ಕೂರಿಸಿ ಮಾತಾಡಿಸಿ.

ಮೂರನೇದು ಜಮೀನಿರೋ ನಮ್ಮಂಥವರಿಗೆ. ಔಷಧಿ ತರುವಾಗ ಅದೇ ಬಿಲ್ಲಲ್ಲಿ ಗ್ಲೌಸ್, ಮಾಸ್ಕ್ ಬರಲಿ. ಗಾಳಿ ತಣ್ಣಗಿರೋ ಬೆಳಗಿನ ಹೊತ್ತಲ್ಲೇ ಕೆಲಸ ಮುಗೀಲಿ. ಕ್ಯಾನ್ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಡಿ. ಬೆರೆಸೋ ಜಾಗದಲ್ಲಿ ಮೊದಲು ನೀವು ಹಾಕ್ಕೊಂಡು ನಿಂತ್ಕೊಳ್ಳಿ. ಯಜಮಾನನೇ ಹಾಕಿ ನಿಂತ ಮೇಲೆ ಬದುವಿನ ಮೇಲಿಂದ ನಗೋರು ಯಾರು?

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹೇಗೆ ಹರಡಿತು ಅಂತ ರಯಾನ್, ಗ್ರಾಸ್ ಅನ್ನೋ ಇಬ್ಬರು 259 ರೈತರನ್ನ ಕೇಳಿ 1943ರಲ್ಲಿ ಬರೆದ್ರು. ಹೊಸ ಬೀಜದ ಸುದ್ದಿಯನ್ನ ಮೊದಲು ತಂದವರು ಹೆಚ್ಚಾಗಿ ಮಾರಾಟಗಾರರು, ನಂಬಿಕೆ ಹುಟ್ಟಿಸಿದವರು ನೆರೆಹೊರೆಯವರು ಅಂತ ರೈತರೇ ಹೇಳಿದ್ರು. ಬೀಜದ ವಿಷಯದಲ್ಲಿ ನೆರೆಯವನನ್ನ ನೋಡಿ ಹಾಕ್ದೆ ಅನ್ನೋಕೆ ನಮಗೂ ನಾಚಿಕೆ ಇಲ್ಲ. ಪಕ್ಕದ ತೋಟ ನೋಡಿ ಅಡಿಕೆ ಇಟ್ಟವರು ಊರಿಗೆ ಎಷ್ಟು ಜನ ಬೇಕು? ಜೀವ ಉಳಿಸ್ಕೊಳ್ಳೋ ವಿಷಯದಲ್ಲಿ ಮಾತ್ರ ಯಾಕಪ್ಪ ಇಷ್ಟು ಸಂಕೋಚ?